ಮೂರನೆಯ ದಿನದ ಕೆಮಿಸ್ಟ್ರಿ ಪರೀಕ್ಷೆ

1964ನೇ ಇಸವಿ. ನಾನು ಮದುವೆಯಾಗಿ ಭದ್ರಾವತಿಗೆ ಬಂದು ಎರಡು ವರ್ಷವಾಗಿತ್ತು. ದೊಡ್ಡ ಮಗ ಹೊಟ್ಟೆಯಲ್ಲಿದ್ದ. ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ವಾಸಕ್ಕೆ ಕಾರ್ಖಾನೆಯ ಕ್ವಾರ್ಟರ್ಸು. ನಾನು ಓದಿದ್ದು ಮೂರನೇ ಕ್ಲಾಸು. ಹಾಗಾಗಿ ಕೆಳಗೆ ಬರೆದ ಕೆಮಿಸ್ಟ್ರಿಯಲ್ಲಿ ತಪ್ಪಿದ್ದರೆ ಯಾರೂ ನನಗೆ ತಿದ್ದಿ ಪತ್ರ ಬರೆಯುವುದು ಬೇಡ.

ನನ್ನ ನಾದಿನಿ ಗಿರಿಜ ಆ ವರ್ಷ ಎಸ್ಸೆಸ್ಸೆಲ್ಸಿ. ಪಕ್ಕದ ಕ್ವಾರ್ಟರ್ಸಿನ ವಾರಿಜ, ಹಿಂದಿನ ಸಾಲಿನ ತಮಿಳರ ಹುಡುಗಿ ಸೆಲ್ವಿ ಅವಳ ಜೊತೆಯವರು. ಮೂವರಲ್ಲಿ ವಾರಿಜ ಲೆಕ್ಕದಲ್ಲಿ ಚುರುಕು. ಉಳಿದಿಬ್ಬರಿಗೆ ಕೆಮಿಸ್ಟ್ರಿ ಲೆಕ್ಕ ಅಂದರೆ ಜ್ವರ ಬರುತ್ತಿತ್ತು. ವಾರಿಜಳ ಅಪ್ಪ, ಪಾಸಾದರೆ ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿಸುತ್ತೇನೆ ಅಂದಿದ್ದರು. ಅವಳ ಅಜ್ಜಿಗೆ ಅದು ಬೇಕಿರಲಿಲ್ಲ. ತರೀಕೆರೆ ಕಡೆಯ ಒಂದು ಗಂಡು ನೋಡಿ ಇಟ್ಟಿದ್ದರು. ಪಾಸಾದರೆ ಕಾಲೇಜು, ಇಲ್ಲದಿದ್ದರೆ ವೈಶಾಖದಲ್ಲಿ ಮದುವೆ. ಇದು ಇಡೀ ಸಾಲಿಗೇ ಗೊತ್ತಿತ್ತು.

ಕೆಮಿಸ್ಟ್ರಿ ಪರೀಕ್ಷೆ ಸೋಮವಾರ ಇತ್ತು. ಶನಿವಾರ ಬೆಳಿಗ್ಗೆ ವಾರಿಜ ಹೊರಗಾದಳು. ನಮ್ಮ ಮನೆಯಲ್ಲಿ ಅದನ್ನು ಅಷ್ಟೇನೂ ಆಚರಿಸುತ್ತಿರಲಿಲ್ಲ. ಅವರ ಮನೆಯಲ್ಲಿ ಹಾಗಲ್ಲ. ಮೂರು ದಿನ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಚಾಪೆ, ತಟ್ಟೆ, ಚೊಂಬು. ಯಾರನ್ನೂ ಮುಟ್ಟುವ ಹಾಗಿಲ್ಲ, ಪುಸ್ತಕವನ್ನಂತೂ ಮುಟ್ಟುವ ಹಾಗೇ ಇಲ್ಲ, ಅದು ಸರಸ್ವತಿ.

ಭಾನುವಾರ ಬೆಳಿಗ್ಗೆ ಗಿರಿಜ, ಸೆಲ್ವಿ ಇಬ್ಬರೂ ನಮ್ಮ ಹಿತ್ತಲಿಗೆ ಬಂದು ನಿಂತರು. ಎರಡು ಮನೆಯ ಹಿತ್ತಲಿಗೆ ನಡುವೆ ಸೊಂಟದೆತ್ತರದ ಒಂದು ಗೋಡೆ. ಅವರು ಈಚೆ, ವಾರಿಜ ಆಚೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಸೆಲ್ವಿ ಪುಸ್ತಕವನ್ನು ಗೋಡೆಯ ಮೇಲೆ ಬಿಚ್ಚಿ ಹಿಡಿಯುವುದು, ವಾರಿಜ ದೂರದಿಂದ ಓದಿಕೊಂಡು "ಹಾಳೆ ತಿರುಗಿಸು" ಅನ್ನುವುದು. ಅದಕ್ಕೆ ಬದಲಾಗಿ ವಾರಿಜ ಇದ್ದಿಲಿನ ಚೂರು ಹಿಡಿದು ಒಗೆಯುವ ಕಲ್ಲಿನ ಮೇಲೆ ಲೆಕ್ಕ ಮಾಡಿ ತೋರಿಸುವುದು. ಇವರು ಕತ್ತು ಚಾಚಿ ನೋಡಿ ಬರೆದುಕೊಳ್ಳುವುದು. ನಾನು ಅಲ್ಲೇ ಪಾತ್ರೆ ತಿಕ್ಕುತ್ತಿದ್ದೆ.

"ನೂರು ಗ್ರಾಂ ಸುಣ್ಣದ ಕಲ್ಲು ಸುಟ್ರೆ ಸುಣ್ಣ ಎಷ್ಟು ಬರತ್ತೆ?" ಅಂತ ಕೇಳಿದಳು ವಾರಿಜ.

"ನೂರು" ಅಂದಳು ಗಿರಿಜ.

"ಹೆಂಗೆ ಮಾರಾಯ್ತಿ? ಐವತ್ತಾರು. ಉಳಿದ ನಲವತ್ನಾಲ್ಕು ಗಾಳಿಯಾಗಿ ಹೋಯ್ತು."

ನನಗೆ ಸುಮ್ಮನಿರಲಾಗಲಿಲ್ಲ. "ಗಾಳಿಗೆ ಎಲ್ಲಾದ್ರೂ ತೂಕ ಇರತ್ತೇನೇ?"

"ಇರತ್ತೆ ಅಕ್ಕ."

"ಮತ್ತೆ ನಾವೆಲ್ಲ ಅದನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಿದೀವಾ?"

"ಹೂಂ ಅಕ್ಕ, ಹೊತ್ಕೊಂಡೇ ತಿರುಗ್ತಿದೀವಿ."

ಮೂವರೂ ನಕ್ಕರು. ನನ್ನನ್ನು ತಮಾಷೆ ಮಾಡುತ್ತಿದ್ದಾರೋ ನಿಜ ಹೇಳುತ್ತಿದ್ದಾರೋ ತಿಳಿಯಲಿಲ್ಲ.

ಆಮೇಲೆ ಇನ್ನೊಂದು ಲೆಕ್ಕ. ಇಂಗ್ಲಿಷ್ ಅಕ್ಷರ, ಅದರ ಅಡಿಯಲ್ಲಿ ಸಣ್ಣ ಅಂಕಿ, ಮುಂದೆ ದೊಡ್ಡ ಅಂಕಿ. ಎರಡು ಕಡೆಯೂ ಸರಿಸಮ ಬರಬೇಕಂತೆ. ಗಿರಿಜ ಯಾವುದೋ ಸಣ್ಣ ಅಂಕಿಯನ್ನು ಬದಲಾಯಿಸಿ ಸರಿ ಮಾಡಿದಳು.

"ಅಡೀಲಿರೋದನ್ನ ಮುಟ್ಟಬಾರ್ದು ಕಣೇ" ಅಂದಳು ವಾರಿಜ. "ಮುಂದಿರೋ ಅಂಕಿ ಬೇಕಾದ್ರೆ ಎಷ್ಟಾದ್ರೂ ಮಾಡ್ಕೋ. ಅಡೀದು ಮುಟ್ಟಿದ್ರೆ ನೀರು ನೀರಾಗಿರಲ್ಲ."

"ನಿನ್ ಥರಾನೇ ಅನ್ನು. ಅದೂ ಹೊರಗೆ ಕೂತಿದೆಯಾ?" ಅಂದಳು ಸೆಲ್ವಿ. ವಾರಿಜ ಅವಳ ಕಡೆ ಇದ್ದಿಲು ಎಸೆದಳು.

ಅಷ್ಟರಲ್ಲಿ ಅಜ್ಜಿ ಹಿತ್ತಲ ಬಾಗಿಲಿಗೆ ಬಂದರು.

"ಏನೇ ಅದು ಕಲ್ಲಿನ ಮೇಲೆ? ಅಕ್ಷರ ಮುಟ್ಟಬೇಡ ಅಂದಿದ್ನಲ್ಲ."

"ಪುಸ್ತಕ ಮುಟ್ಟಬೇಡ ಅಂದ್ರಿ ಅಜ್ಜಿ. ಇದು ಇದ್ದಿಲು. ಅದೂ ಇಂಗ್ಲಿಷ್ ಅಕ್ಷರ."

ಅಜ್ಜಿ ಕಣ್ಣು ಕಿರಿದು ಮಾಡಿ ಕಲ್ಲು ನೋಡಿದರು. "ಇಂಗ್ಲಿಷಾದ್ರೆ ಬರ್ಕೋ. ಕನ್ನಡ ಬೇಡ."

ನಾನು ಗೋಡೆಯ ಹತ್ತಿರ ಹೋಗಿ, "ನಾಳೆ ಪರೀಕ್ಷೆಗೆ ಏನ್ ಮಾಡ್ತೀರಿ ಅಜ್ಜಿ? ಮೂರನೇ ದಿನ ಅಲ್ವಾ?" ಅಂದೆ.

"ಅವಳಪ್ಪ ಹೋಗ್ಲೇಬೇಕು ಅಂತ ಕೂತಿದಾನೆ. ಹೋಗ್ಲಿ, ಅದು ಸರ್ಕಾರದ ಕಾಗದ, ನಮ್ಮನೇದಲ್ಲ. ಆದ್ರೆ ಯಾರ ಕೈಯಿಂದ್ಲೂ ಏನೂ ಈಸ್ಕೋಕೂಡ್ದು. ಕೆಳಗಿಟ್ಟ ಮೇಲೆ ತಗೋಬೇಕು. ಇನ್ನೊಬ್ರಿಗೆ ಮೈಲಿಗೆ ಮಾಡಿದ ಪಾಪ ನಮಗ್ಯಾಕೆ?"

"ಮತ್ತೆ ಬಸ್ಸಲ್ಲಿ ಅಷ್ಟು ಜನ ಮೈಗೆ ಮೈ ತಾಗಿಸ್ಕೊಂಡು ಕೂರ್ತಾರಲ್ಲ?"

"ಬಸ್ಸು ಬಸ್ಸು" ಅಂದರು ಅಜ್ಜಿ. ಆ ಮಾತಿನ ಅರ್ಥ ನನಗೆ ಸುಣ್ಣದ ಕಲ್ಲಿನ ಲೆಕ್ಕದಷ್ಟೇ ಆಯಿತು.

ಪರೀಕ್ಷೆ ನಡೆಯುತ್ತಿದ್ದುದು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ. ಗಂಡಸರಿಗೆಲ್ಲ ಶಿಫ್ಟು. ಹುಡುಗಿಯರ ಜೊತೆಗೆ ನಾನೇ ಹೋದೆ. ದಾರಿಯುದ್ದಕ್ಕೂ ಮೂವರೂ ಲೆಕ್ಕವನ್ನೇ ಒಪ್ಪಿಸಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಗಂಟೆ ಹೊಡೆಯಿತು, ಅವರು ಒಳಗೆ ಹೋದರು. ನಾನು ಎದುರಿನ ಹೊಂಗೆ ಮರದ ಕೆಳಗೆ ಕೂತೆ.

ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ವಾರಿಜ ಜಗುಲಿಗೆ ಬಂದು ನಿಂತಳು. ಕೈಯಲ್ಲಿ ಕಾಗದವಿಲ್ಲ, ಪೆನ್ನು ಮಾತ್ರ. ಅಳುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋದರೆ "ಐವತ್ತಾರು, ನಲವತ್ನಾಲ್ಕು" ಅಂತ ಹೇಳಿಕೊಳ್ಳುತ್ತಿದ್ದಾಳೆ.

"ಯಾಕೆ ಬಂದೆ?"

"ಹೊರಗೆ ಕಳಿಸಿದ್ರು ಅಕ್ಕ. ಮೇಷ್ಟ್ರು ಪ್ರಶ್ನೆಪತ್ರಿಕೆ ಕೈಗೆ ಕೊಡಕ್ಕೆ ಬಂದ್ರು. ನಾನು ಕೈ ಹಿಂದಕ್ಕೆ ತಗೊಂಡು, ಬೆಂಚಿನ ಮೇಲಿಡಿ ಸಾರ್ ಅಂದೆ. ಮತ್ತೆ ಕೊಡಕ್ಕೆ ಬಂದ್ರು. ನಾನು ಎದ್ದು ಹಿಂದೆ ಸರಿದೆ. ಅವರಿಗೆ ಸಿಟ್ಟು ಬಂತು."

"ಯಾಕೆ ಅಂತ ಹೇಳ್ಬೇಕಿತ್ತಲ್ಲ?"

"ಅಷ್ಟು ಜನ ಗಂಡು ಹುಡುಗರ ಮುಂದೆ ಏನಂತ ಹೇಳ್ಲಿ?"

ಒಳಗೆ ಎಲ್ಲರೂ ಬರೆಯುತ್ತಿದ್ದರು. ಇವಳ ಕಾಲೇಜು ಬಾಗಿಲಲ್ಲೇ ನಿಂತಿತ್ತು. ನಾನು ಸೆರಗು ಹೊದ್ದುಕೊಂಡು ಬಾಗಿಲಿಗೆ ಹೋದೆ. ಜವಾನ ಅಡ್ಡ ಬಂದ. ಬಸುರಿಯನ್ನು ತಳ್ಳುತ್ತೀಯಾ ಅಂದೆ, ಪಕ್ಕಕ್ಕೆ ಸರಿದ.

ಮೇಷ್ಟರು ಬಾಗಿಲಿಗೆ ಬಂದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಷರಟು. "ನೀವು ಇವಳ ಮನೆಯವರಾ?" ಅಂದರು.

"ಪಕ್ಕದ ಮನೆಯವಳು."

"ಹಂಗಾದ್ರೆ ಅವರ ಮನೆಗೆ ಹೋಗಿ ಹೇಳಿ. ನನ್ನ ಕೈಯಿಂದ ಕಾಗದ ಈಸ್ಕೊಳ್ಳಕ್ಕೆ ಇವಳಿಗೆ ಆಗಲ್ವಂತೆ. ನನ್ನ ಜಾತಿ ಯಾರು ಹೇಳಿದ್ರೋ ಇವಳಿಗೆ. ನಾನು ಓದೋವಾಗ ಮೇಷ್ಟ್ರು ನನ್ನ ಸ್ಲೇಟನ್ನ ನೆಲದ ಮೇಲೆ ಇಡಿಸಿ ದೂರದಿಂದ ನೋಡ್ತಿದ್ರು. ಈಗ ನಾನೇ ಮೇಷ್ಟ್ರಾಗಿದೀನಿ. ಈಗ್ಲೂ ನೆಲದ ಮೇಲೆ ಇಡ್ಬೇಕಾ?"

ಅವರ ದನಿ ಎತ್ತರವಾಗಿರಲಿಲ್ಲ. ಆಗ ನನಗೆ ವಿಷಯ ಹೊಳೆಯಿತು. ಸುತ್ತಿ ಬಳಸಿ ಹೇಳುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

"ನಿಮ್ಮ ಜಾತಿ ಅವಳಿಗೇನು ಗೊತ್ತು ಮೇಷ್ಟ್ರೇ? ಅವಳು ಮುಟ್ಟಾಗಿದಾಳೆ. ಇವತ್ತು ಮೂರನೇ ದಿನ. ಅದಕ್ಕೇ ಸರಿದಿದ್ದು."

ಒಳಗೆ ಪೆನ್ನಿನ ಸದ್ದು ನಿಂತಿತು. ವಾರಿಜ ಕಂಬದ ಹಿಂದೆ ಹೋದಳು.

ಮೇಷ್ಟರು ನನ್ನ ಮುಖ ನೋಡಿದರು. "ಸರಿಯಾಗಿ ಹೇಳಮ್ಮ. ಯಾರು ಯಾರನ್ನ ಮುಟ್ಟಬಾರ್ದು?"

"ಅವಳನ್ನ ನೀವು ಮುಟ್ಟಬಾರ್ದು. ಮುಟ್ಟಿದ್ರೆ ಮೈಲಿಗೆ ಆಗೋದು ನಿಮಗೆ. ಅವಳಿಗಲ್ಲ."

"ನನಗೆ?"

"ನಿಮಗೇ."

"ನನಗೆ ಮೈಲಿಗೆ ಆಗತ್ತಾ?" ಅಂದರು ಅವರು. ನನ್ನನ್ನು ಕೇಳಿದ ಹಾಗಿರಲಿಲ್ಲ. ನಗು ಬಂದ ಹಾಗೆ ಬಾಯಿ ಒಂದು ಕಡೆ ಹೋಯಿತು, ಆದರೆ ನಗಲಿಲ್ಲ. ಏನೋ ಕಳೆದುಕೊಂಡವರ ಹಾಗೆ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ಒಳಗೆ ಹೋಗಿ ಪ್ರಶ್ನೆಪತ್ರಿಕೆ ತಂದು ಕಂಬದ ಹತ್ತಿರ ನಿಂತರು.

"ತಗೋಮ್ಮ. ಕೈಯಿಂದಲೇ ತಗೋ. ನನಗೇನೂ ಆಗಲ್ಲ."

ವಾರಿಜ ನನ್ನನ್ನು ನೋಡಿದಳು. "ತಗೊಳ್ಳೇ, ಹೊತ್ತಾಯ್ತು" ಅಂದೆ. ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿದ್ದನ್ನು ನಾನು ನೋಡಿದೆ.

ಪರೀಕ್ಷೆ ಮುಗಿದ ಮೇಲೆ ಬಸ್ಸಿನಲ್ಲಿ ಗಿರಿಜ, ಸೆಲ್ವಿ ಉತ್ತರ ಹೊಂದಿಸಿಕೊಳ್ಳುತ್ತಿದ್ದರು. ಸುಣ್ಣದ ಲೆಕ್ಕವನ್ನೇ ಬೇರೆ ಅಂಕಿ ಹಾಕಿ ಕೇಳಿದ್ದರಂತೆ. ವಾರಿಜ ಕಿಟಕಿಯ ಕಡೆ ಮುಖ ಮಾಡಿದ್ದಳು. ಮಾಚೇನಹಳ್ಳಿ ದಾಟಿದ ಮೇಲೆ ಒಂದೇ ಮಾತು ಆಡಿದಳು.

"ಅಷ್ಟು ಜನರ ಮುಂದೆ ಹೇಳ್ಬಾರ್ದಿತ್ತು ಅಕ್ಕ."

"ಮತ್ತೆ ಹೆಂಗೆ ಹೇಳ್ಬೇಕಿತ್ತು?"

"ನಂಗೊತ್ತಿಲ್ಲ."

ಸಂಜೆ ಅಜ್ಜಿ ಗೋಡೆಯ ಹತ್ತಿರ ಬಂದು, ಯಾರಿಗೂ ತಾಗಿಸಲಿಲ್ಲ ತಾನೆ ಅಂತ ಕೇಳಿದರು. ಮೇಷ್ಟರಿಗೆ ತಾಗಿತು, ಅವರೇ ಪರವಾಗಿಲ್ಲ ಅಂದರು ಅಂದೆ. ಯಾವ ಜನ ಅಂತ ಕೇಳಿದರು. ಕೇಳಲಿಲ್ಲ ಅಂದೆ. ಅವರು ಕೊಟ್ಟಿಗೆಯ ಕಡೆ ನಾಲ್ಕು ಹೆಜ್ಜೆ ಇಟ್ಟು ಮತ್ತೆ ವಾಪಸು ಬಂದರು. ಮೊಮ್ಮಗಳನ್ನು ಬಯ್ಯಬೇಕೋ ಬೇಡವೋ ಅವರಿಗೂ ಗೊತ್ತಾಗಲಿಲ್ಲ ಅಂತ ಕಾಣುತ್ತದೆ.

ಮೂವರೂ ಪಾಸಾದರು. ವಾರಿಜ ಶಿವಮೊಗ್ಗದ ಕಾಲೇಜಿಗೆ ಸೇರಿದಳು. ನನ್ನ ಮಗನ ನಾಮಕರಣಕ್ಕೆ ಅವರ ಮನೆಯವರೆಲ್ಲ ಬಂದರು, ಅವಳು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಆಮೇಲೆ ನಮಗೆ ಬೇರೆ ಕಡೆ ಕ್ವಾರ್ಟರ್ಸು ಸಿಕ್ಕಿತು, ಅವಳ ಸುದ್ದಿ ತಪ್ಪಿತು.

ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಸೊಸೆಯರನ್ನೂ ಮೊಮ್ಮಕ್ಕಳನ್ನೂ ಕೇಳಿ ನೋಡಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಮೇಷ್ಟರು ಅವತ್ತು ಮನೆಗೆ ಹೋಗಿ ಏನು ಯೋಚಿಸಿದರೋ, ಅದನ್ನಂತೂ ಯಾರೂ ಹೇಳಲಾರರು. ಮತ್ತೆ ಅಂಥದ್ದು ಆದರೆ ನಾನು ಅದೇ ಮಾತನ್ನೇ ಹೇಳುತ್ತೇನೆ. ಸ್ವಲ್ಪ ಮೆಲ್ಲಗೆ ಹೇಳುತ್ತೇನೆ, ಅಷ್ಟೆ.