ನಮ್ಮೂರ ಬಸ್ಸಿಗೆ ಕಾದ ರಾಕ್ಷಸ

ವಿಶಾಖಪಟ್ಟಣದಲ್ಲಿ ನಮಗೆ ಗೊತ್ತಿದ್ದ ಕನ್ನಡಿಗರಲ್ಲಿ ಎರಡೇ ಪಂಗಡ. ಒಂದು ನೌಕಾಪಡೆಯವರದು, ಇನ್ನೊಂದು ನಮ್ಮ ಉಕ್ಕಿನ ಕಾರ್ಖಾನೆಯವರದು. ನೌಕಾಪಡೆಯವರ ಕಣ್ಣಿಗೆ ನಾವು ಸೋಮಾರಿಗಳು, ನಮ್ಮ ಕಣ್ಣಿಗೆ ಅವರು ಜಂಬದವರು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲಿಂದ ಹಿಡಿದು ರಾಜ್ಯೋತ್ಸವದ ದಿನ ಯಾರ ಮನೆಯ ಮಕ್ಕಳು ಮೊದಲು ಕುಣಿಯಬೇಕು ಎಂಬವರೆಗೆ ಯಾವುದರಲ್ಲೂ ಒಮ್ಮತವಿರಲಿಲ್ಲ. ಇಂಥ ನಮ್ಮನ್ನು ಪ್ರತಿ ಭಾನುವಾರ ಒಂದೇ ಜಮಖಾನದ ಮೇಲೆ ಕೂರಿಸುತ್ತಿದ್ದವನು ಒಬ್ಬ ರಾಕ್ಷಸ.

ಅವನು ಪುಸ್ತಕದ ರಾಕ್ಷಸ. ಕನ್ನಡದಲ್ಲಿ ಬಂದ ಒಂದು ಮಾಯಾಲೋಕದ ಹಾಸ್ಯಕಥೆಗಳ ಮಾಲೆ, ಏಳು ಸಂಪುಟ. ನರಮಾಂಸ ಬಿಟ್ಟು ಸಭ್ಯನಾಗಲು ಹೊರಟ ರಾಕ್ಷಸನಿಗೆ ಅರಮನೆಯ ಹೆಬ್ಬಾಗಿಲಲ್ಲಿ ಗುಮಾಸ್ತನ ಕೆಲಸ ಸಿಗುತ್ತದೆ. ಆ ಅರಮನೆಯ ಮಂತ್ರಿ ಸತ್ತು ಎಷ್ಟೋ ಕಾಲವಾಗಿದೆ. ಆದರೆ ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲದ್ದರಿಂದ ದಿನವೂ ಬಂದು ಎಲ್ಲರ ರಜೆ ತಿರಸ್ಕರಿಸುತ್ತಾನೆ. ಜೊತೆಗೊಬ್ಬಳು ಮಾಂತ್ರಿಕಳು, ಅವಳಿಗೆ ಬರುವುದು ಅರ್ಧ ಮಂತ್ರ ಮಾತ್ರ. ಅವಳ ಶಾಪ ತಗುಲಿದವರು ಸೊಂಟದ ಕೆಳಗಷ್ಟೇ ಮೇಕೆಯಾಗುತ್ತಾರೆ. ಆ ಮಂತ್ರಿ ತಮ್ಮ ವಿಭಾಗದ ಹಿರಿಯ ಸಾಹೇಬರೇ ಎಂದು ನನ್ನ ಗಂಡ ಆಣೆ ಮಾಡಿ ಹೇಳುತ್ತಿದ್ದರು.

ತಮ್ಮ ಮನೆಯಲ್ಲಿ ಅದನ್ನು ನಮಗೆ ಓದಿ ಹೇಳುತ್ತಿದ್ದವರು ಕಾಕೂ. ಹುಬ್ಬಳ್ಳಿ ಕಡೆಯವರು. ಗಂಡ ನೌಕಾಪಡೆಯಿಂದ ನಿವೃತ್ತರಾಗಿ ಊರಂಚಿನ ಪೆಂಡುರ್ತಿಯಲ್ಲಿ ಮನೆ ಕಟ್ಟಿಸಿ, ಅದರಲ್ಲಿ ಹೆಚ್ಚು ದಿನ ಇರದೆ ತೀರಿಕೊಂಡಿದ್ದರು. ಚಿಕ್ಕಮ್ಮನನ್ನು ಅವರ ಕಡೆ ಕಾಕೂ ಅನ್ನುತ್ತಾರೆ. ನಾವೆಲ್ಲ, ನನ್ನ ಮಗಳೂ ಸೇರಿ, ಹಾಗೆಯೇ ಕರೆಯುತ್ತಿದ್ದೆವು. ಎರವಲು ಕೇಳಿದರೆ, "ಪುಸ್ತಕ ಕೊಡೂದಿಲ್ರಿ, ಕೇಳಾಕ ಬರ್ರಿ" ಎಂದು ಸೆರಗಿನ ಮರೆಗೆ ಸರಿಸಿಬಿಡುತ್ತಿದ್ದರು. ಜಿಪುಣಿ ಎಂದುಕೊಂಡು ಸುಮ್ಮನಾಗುತ್ತಿದ್ದೆವು. ನಾವೇ ಬೇರೆ ಪ್ರತಿ ತರಿಸಿಕೊಳ್ಳಬಹುದಿತ್ತು, ನಿಜ. ಆದರೆ ಕೋಡುಬಳೆ ಕಡಿಯುತ್ತ ಕೇಳುವ ಸುಖವಿರುವಾಗ ಕಣ್ಣಿಗೇಕೆ ಕಷ್ಟ ಕೊಡಬೇಕು? ಅವರ ಬಾಯಲ್ಲಿ ರಾಕ್ಷಸ ಹುಬ್ಬಳ್ಳಿ ಕನ್ನಡ ಮಾತಾಡುತ್ತಿದ್ದ, ಸತ್ತ ಮಂತ್ರಿ ನಮ್ಮ ಹಾಸನದ ಕನ್ನಡ. ಸತ್ತವನಿಗೇ ನಮ್ಮ ಕನ್ನಡ ಯಾಕೆ ಎಂದು ನಾನು ಕೇಳಿದ್ದುಂಟು.

"ಮೆತ್ತಗ ಇರತದಲ್ಲ, ಅದಕ್ಕ" ಎಂದರು.

ನಮಗೆಲ್ಲ ಪ್ರಾಣವಾಗಿದ್ದದ್ದು ಬಸ್ಸಿನ ಪ್ರಸಂಗ. ಪ್ರತಿ ಅಧ್ಯಾಯದ ಕೊನೆಯಲ್ಲೂ ರಾಕ್ಷಸ ಕೆಲಸ ಮುಗಿಸಿ ಪೆಂಡುರ್ತಿಯ ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಾನೆ. ಪರವಾಡದ ಔಷಧಿ ಕಾರ್ಖಾನೆಗೆ ಶಿಫ್ಟಿನವರನ್ನು ಒಯ್ಯುವ ಕಂಪನಿ ಬಸ್ಸು ಬರುತ್ತದೆ, ಅದರ ತುಂಬ ಅರ್ಧ ಮೇಕೆಗಳು. ಮೇಲಿನರ್ಧಕ್ಕೆ ಸೀಟು ಉಂಟು, ಕೆಳಗಿನರ್ಧ ನಿಂತೇ ಬರಬೇಕು ಎಂದು ಡ್ರೈವರನ ಹಟ. ಈ ವಾದ ಮುಗಿಯುವುದರೊಳಗೆ ರಾಕ್ಷಸನನ್ನು ಬಿಟ್ಟು ಬಸ್ಸು ಹೊರಟುಹೋಗುತ್ತದೆ. ಹಸಿದ ರಾಕ್ಷಸ ಸುತ್ತಲಿನ ಮನುಷ್ಯರನ್ನು ಒಮ್ಮೆ ಆಸೆಯಿಂದ ನೋಡಿ, ನಾಲಿಗೆ ಕಚ್ಚಿಕೊಂಡು, ಪಕ್ಕದ ಗಾಡಿಯಲ್ಲಿ ಉಪ್ಪಿಟ್ಟು ತುಂಬಿದ ಪೆಸರಟ್ಟು ತಿನ್ನುತ್ತಾನೆ.

ಕರ್ನಾಟಕದಲ್ಲಿ ಕೂತು ಬರೆದವರಿಗೆ ಪೆಂಡುರ್ತಿ ಹೇಗೆ ಗೊತ್ತು ಎಂಬ ಪ್ರಶ್ನೆ ನಮಗೆ ಬರಲಿಲ್ಲವೆಂದಲ್ಲ. ಬಂತು, ಉತ್ತರವನ್ನೂ ನಾವೇ ಕೊಟ್ಟುಕೊಂಡೆವು. ಲೇಖಕರು ಇಲ್ಲಿ ನೌಕರಿ ಮಾಡಿರಬೇಕು! ಜಗಳ ಶುರುವಾದದ್ದೇ ಅಲ್ಲಿಂದ. ನೌಕಾಪಡೆಯಲ್ಲಿದ್ದ ಮಂಗಳೂರಿನವರೊಬ್ಬರು, "ಅವರು ನಮ್ಮವರೇ ಮಾರಾಯ್ರೆ. ಬಸ್ಸಿಗೆ ಇಷ್ಟು ಶಿಸ್ತಿನಲ್ಲಿ ಬೇರೆ ಯಾರು ಕಾಯ್ತಾರೆ?" ಎನ್ನುವರು. ನನ್ನ ಗಂಡ, "ಸತ್ತ ಮೇಲೂ ರಜೆ ಕೊಡದ ಸಾಹೇಬ್ರನ್ನ ಕಾರ್ಖಾನೆಯವ್ರಲ್ದೆ ಇನ್ಯಾರ್ರೀ ಬರೀತಾರೆ?" ಎನ್ನುವರು. ಕಾಕೂ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಒಂದು ಚಳಿಗಾಲದಲ್ಲಿ ಎಲ್ಲರೂ ಪುಳಿಯೋಗರೆ ಕಟ್ಟಿಕೊಂಡು ಆ ಬಸ್ ಸ್ಟಾಪಿಗೆ ಯಾತ್ರೆ ಹೊರಟೆವು. ಕಾಕೂ ಮನೆಯಿಂದ ಕೂಗಳತೆಯ ದೂರಕ್ಕೆ ಯಾತ್ರೆ! ಮಂಗಳೂರಿನವರು ರಾಕ್ಷಸ ಒರಗುವ ಕಂಬ ಇದೇ ಎಂದು ಒಂದು ಕಂಬವನ್ನು ಗೊತ್ತುಮಾಡಿ, ಅದನ್ನು ತಬ್ಬಿ ಫೋಟೋ ತೆಗೆಸಿಕೊಂಡು ತಮ್ಮ ವಾಟ್ಸಾಪ್ ಚಿತ್ರವಾಗಿ ಹಾಕಿಕೊಂಡರು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮೆಲ್ಲಗೆ ದೂರ ಸರಿದರು. ಇದು ಕನ್ನಡದ ಪುಸ್ತಕದಲ್ಲಿ ಬರುವ ಜಾಗ ಎಂದು ನನ್ನ ಮಗಳು ಅವರಿಗೆ ತೆಲುಗಿನಲ್ಲಿ ವಿವರಿಸಿದಳು. ಅವಳ ಮುಖದಲ್ಲಿದ್ದ ಹೆಮ್ಮೆ ನೋಡಬೇಕಿತ್ತು. ಕಾಕೂ ಬೆಂಚಿನ ಮೇಲೆ ಕೂತು ಪುಳಿಯೋಗರೆಯನ್ನು ಮತ್ತೆ ಹಾಕಿಸಿಕೊಂಡು ತಿಂದರು.

ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಅವಳು ಜಗಳವಾಡುವುದು, ಮಗ್ಗಿ ಹೇಳುವುದು, ನಿದ್ದೆಯಲ್ಲಿ ಗೊಣಗುವುದು ಎಲ್ಲ ತೆಲುಗಿನಲ್ಲಿ. ಕನ್ನಡವೆಂದರೆ ಅವಳಿಗೆ ಅಜ್ಜಿಯ ಫೋನು ಮತ್ತು ನನ್ನ ಬೈಗುಳ. ಆ ಭಾಷೆಯೊಳಗೆ ತನ್ನ ಊರೂ ಇದೆ ಎಂದು ಅವಳಿಗೆ ತೋರಿಸಿಕೊಟ್ಟದ್ದು ಈ ಪುಸ್ತಕಗಳು. ಅದಕ್ಕೇ ನಾನು ಆ ರಾಕ್ಷಸನನ್ನು ಮನೆದೇವರ ಪಕ್ಕದಲ್ಲಿ ಕೂರಿಸುವುದೊಂದು ಬಾಕಿ ಇತ್ತು.

ಹೋದ ವರ್ಷ ಕಾಕೂಗೆ ಕಣ್ಣು ಮಂಜಾಗತೊಡಗಿತು. ವಿಜಯವಾಡದಲ್ಲಿರುವ ಅವರ ಮಗಳು ಬಂದು ಕರೆದುಕೊಂಡು ಹೋದಳು. ಹೊರಡುವ ದಿನ ಕಾಕೂ ಎಲ್ಲ ಸಂಪುಟಗಳನ್ನೂ ನನ್ನ ಮಡಿಲಿಗೆ ಹಾಕಿ, "ನಿಲ್ಲಸಬ್ಯಾಡ್ರಿ, ಓದ್ಕೋತ ಇರ್ರಿ. ಓದಿದ ಮ್ಯಾಲೆ ನನ್ನ ಬೈಬ್ಯಾಡ್ರಿ" ಎಂದರು. ಹಾಳೆಗಳ ಮೇಲಿನ ಅರಿಸಿನದ ಕಲೆಗಳಿಗಾಗಿ ಹೇಳುತ್ತಿದ್ದಾರೆ ಎಂದುಕೊಂಡೆ.

ಮುಂದಿನ ಭಾನುವಾರ ನಮ್ಮ ಕ್ವಾರ್ಟರ್ಸಿನಲ್ಲಿ ಜಮಖಾನ ಹಾಸಿ, ಗಂಟಲು ಸರಿಮಾಡಿಕೊಂಡು ಮೊದಲ ಸಂಪುಟದಿಂದ ಶುರುಮಾಡಿದೆ. ಮಂತ್ರಿ ಬಂದ, ಮೇಕೆಗಳು ಬಂದವು. ಕೆಲಸ ಮುಗಿಸಿದ ರಾಕ್ಷಸ ಹೆಬ್ಬಾಗಿಲು ದಾಟಿ ನದಿಯ ದಡದಲ್ಲಿ ತೆಪ್ಪಕ್ಕೆ ಕಾದ, ತೆಪ್ಪ ಬಂತು, ಮನೆಗೆ ಹೋಗಿ ಮಲಗಿದ. ಅಧ್ಯಾಯ ಮುಗಿಯಿತು.

"ಬಸ್ಸು ಹಾರಿಸಿದ್ರಿ ನೀವು" ಎಂದರು ಮಂಗಳೂರಿನವರು.

ಬಸ್ಸು ಇಲ್ಲ ಎಂದೆ. ಸರಿಯಾಗಿ ನೋಡಿ ಎಂದರು. ಸರಿಯಾಗಿಯೇ ನೋಡುತ್ತಿದ್ದೇನೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಗಂಡನೇ, ನನ್ನ ಸ್ವಂತ ಗಂಡನೇ, ಅಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪುಸ್ತಕವನ್ನು ಅವರ ಮುಂದೆ ತಳ್ಳಿ, "ನೀವೇ ಹುಡುಕಿ, ನಿಮ್ಮ ಬಸ್ಸು!" ಎಂದೆ. ಗಂಡಸರಿಬ್ಬರೂ ಒಂದೊಂದೇ ಸಂಪುಟ ತಿರುವಿ ಹಾಕಿದರು. ಪೆಂಡುರ್ತಿಯಿಲ್ಲ, ಪರವಾಡವಿಲ್ಲ, ಪೆಸರಟ್ಟಿನ ಚೂರೂ ಇಲ್ಲ. ಮಂತ್ರಿ ಹಾಸನದವನೂ ಅಲ್ಲ, ಶುದ್ಧ ಗ್ರಾಂಥಿಕದವನು. ಬರೆದವರದು ನಿಜಕ್ಕೂ ತಮಾಷೆಯ ಬರವಣಿಗೆಯೇ. ಆದರೆ ನಾವು ಬಿದ್ದು ಬಿದ್ದು ನಕ್ಕ ಜಾಗಗಳಲ್ಲಿ ಅರ್ಧಕ್ಕರ್ಧ ಆ ಪುಟಗಳಲ್ಲಿ ಇರಲೇ ಇಲ್ಲ. ಮಾರನೆಯ ದಿನ ಮಂಗಳೂರಿನವರ ವಾಟ್ಸಾಪಿನಲ್ಲಿ ಕಂಬ ಹೋಗಿ ಹಡಗು ಬಂದಿತ್ತು.

ನಾವು ದೊಡ್ಡವರು ಒಂದಷ್ಟು ದಿನ ಮುಖ ಊದಿಸಿಕೊಂಡು, ಆಮೇಲೆ ನಕ್ಕು ಸುಮ್ಮನಾದೆವು. ಮಗಳು ನಗಲಿಲ್ಲ.

"ಹಾಗಾದ್ರೆ ನಮ್ಮ ಊರು ಅದ್ರಲ್ಲಿ ಇಲ್ವಾ? ಕಾಕೂ ಅಬದ್ಧ ಹೇಳಿದ್ರು ಕದಾ" ಎಂದಳು, ಸುಳ್ಳಿಗೂ ಅಲ್ವಾಗೂ ತೆಲುಗನ್ನೇ ಬೆರೆಸಿ. ನನ್ನೊಡನೆ ಅವಳು ಕನ್ನಡದಲ್ಲಿ ಆಡಿದ ಕೊನೆಯ ಮಾತು ಅದೇ ಆಗುತ್ತದೇನೋ ಅನ್ನಿಸುವಂತಾಯಿತು. ಭಾನುವಾರ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆದರೂ ತೆಲುಗಿನಲ್ಲಿ ಉತ್ತರ. ತೆಲುಗಿನ ಮೇಲೆ ನನಗೇನೂ ಸಿಟ್ಟಿಲ್ಲ, ಅದರಲ್ಲೇ ನಾನು ತರಕಾರಿಯವರೊಡನೆ ಚೌಕಾಸಿ ಮಾಡುವುದು. ಆದರೆ ನನ್ನ ಮಗಳು ನನಗೇ ಅತಿಥಿಯಾಗುತ್ತಿದ್ದಾಳೆ ಅನ್ನಿಸಿ ಭಯವಾಯಿತು. ಆ ಭಯವೆಲ್ಲ ಕಾಕೂ ಮೇಲಿನ ಸಿಟ್ಟಾಗಿ ತಿರುಗಿತು. ದಸರಾ ರಜೆಯಲ್ಲಿ ಮಗಳನ್ನು ಹೊರಡಿಸಿ, ಒಂದು ಸಂಪುಟವನ್ನು ಸಾಕ್ಷಿಗೆಂದು ಚೀಲಕ್ಕೆ ಹಾಕಿಕೊಂಡು ವಿಜಯವಾಡದ ರೈಲು ಹತ್ತಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಉರು ಹೊಡೆದೆ.

ಕಾಕೂ ಅಳಿಯನದು ಒನ್ ಟೌನ್ ಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಇಬ್ಬರಿಗೂ ಸೀನು ಹತ್ತಿಕೊಂಡಿತು. ಸೀನುತ್ತ ಬೈಯುವುದು ಸುಲಭವಲ್ಲ. ಕಾಕೂ ನಮ್ಮ ದನಿ ಹಿಡಿದೇ ಗುರುತಿಸಿ, ನನ್ನ ಮಗಳ ಕೆನ್ನೆ ಸವರಿ, ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿಬಿಟ್ಟಳು. ಅದೂ ಕನ್ನಡದಲ್ಲಿ.

"ಕಾಕೂ, ಬಸ್ಸು ಪುಸ್ತಕದಲ್ಲಿ ಇಲ್ಲ. ಯಾಕಂಡಿ ಹಾಗೆ ಹೇಳಿದ್ರಿ? ನಾನು ಸ್ಕೂಲಲ್ಲಿ ಎಲ್ರಿಗೂ ಹೇಳಿದ್ದೆ."

ಕಾಕೂ ತಡವರಿಸಲಿಲ್ಲ. "ಇಲ್ಲವಾ, ಇಲ್ಲ. ನಾನ ಹಾಕಿದ್ದು. ಮದಲ್ನೇ ದಿನ ನೆನಪೈತೇನ ನಿನಗ? ಸಣ್ಣಾಕಿ ಇದ್ದಿ. ತೆಪ್ಪ ಅಂತ ಓದಿದೆ, ನಿನಗ ತಿಳೀಲಿಲ್ಲ. ಎದ್ದು ಹೊರಗ ಹೊಂಟಿ, ಓಣ್ಯಾಗಿನ ಹುಡುಗ್ರ ಕೂಡ ಆಡಾಕ. ನಿನ್ನ ನೋಡಿ ಉಳಿದ ಹುಡುಗ್ರೂ ಎದ್ರು. ನಾ ಒದರಿದೆ, 'ತೆಪ್ಪ ಬರಲಿಲ್ಲ, ಪರವಾಡದ ಬಸ್ ಬಂತು' ಅಂತ. ಬಾಗಲದಾಗ ನಿಂತಿ. ಹೊಳ್ಳಿ ಬಂದು ಕುಂತಿ. ಆಮ್ಯಾಲೆ ವಾರಾವಾರ ಬಸ್ ತರೂದಾತು. ಏನ್ ಮಾಡ್ಲಿ?"

"ಬರೆದೋರು ಬೈಯಲ್ವಾ?"

"ಸಿಕ್ರ ಬೈತಾರ. ಬೈಸ್ಕೋತೇನಿ. ಅವರ ರಾಕ್ಷಸ ಇರಲಿಲ್ಲಂದ್ರ ನನ್ನ ಬಸ್ಸಿಗೆ ಯಾರು ಕಾಯ್ತಿದ್ರು?"

ನಾನು ಉರು ಹೊಡೆದದ್ದೆಲ್ಲ ಮರೆತುಹೋಯಿತು. ನನ್ನ ಮಗಳು ಎದ್ದು ಹೊರಟ ಆ ದಿನ ನಾನೂ ಅದೇ ಜಮಖಾನದ ಮೇಲೆ ಇದ್ದೆ, ಬಹುಶಃ ಕೋಡುಬಳೆ ತಿನ್ನುತ್ತ. ಅವಳು ಎದ್ದದ್ದು ನನಗೆ ನೆನಪೇ ಇಲ್ಲ. ಹೆತ್ತವಳಿಗೆ ಕಾಣದ್ದು ಇನ್ನೊಬ್ಬರಿಗೆ ಕಂಡಿತಲ್ಲ ಎಂದು ಹೊಟ್ಟೆಕಿಚ್ಚಾಯಿತು, ಕಣ್ಣೂ ತುಂಬಿತು. ಮೆಣಸಿನಕಾಯಿ ಘಾಟು ಎಂದು ಒರೆಸಿಕೊಂಡೆ.

ಮಗಳು ನನ್ನ ಚೀಲದಿಂದ ಪುಸ್ತಕ ತೆಗೆದು, "ನಿಮಗೆ ಕಣ್ಣು ಕಾಣಲ್ಲ ಕದಾ, ನಾನು ಓದ್ತೀನಿ" ಎಂದಳು. ಕನ್ನಡ ಓದಲು ಅವಳಿಗೆ ಯಾರೂ ಕಲಿಸಿರಲಿಲ್ಲ. ತೆಲುಗಿನ ಅಕ್ಷರ ಬಲ್ಲವರಿಗೆ ಕನ್ನಡದ್ದು ದೂರದ್ದೇನೂ ಅಲ್ಲ, ಒಂದೇ ಮನೆಯ ಅಕ್ಕತಂಗಿಯರ ಮುಖಗಳು. ಬೆರಳಿಟ್ಟು, ತಡವರಿಸಿ, ತೆಲುಗಿನ ರಾಗದಲ್ಲಿ ಎಳೆದೆಳೆದು ಓದಿದಳು. ಸತ್ತ ಮಂತ್ರಿ ರಜೆ ತಿರಸ್ಕರಿಸಿದಲ್ಲಿ ಕಾಕೂ, ಮೊದಲ ಸಲ ಕೇಳಿದವರ ಹಾಗೆ ನಕ್ಕರು. ರಾಕ್ಷಸ ನದಿಯ ದಡಕ್ಕೆ ಬಂದ. ಮಗಳು ನಿಲ್ಲಿಸಿ ತಲೆಯೆತ್ತಿದಳು.

"ಇಲ್ಲಿ ನಾನು ಏನಾದ್ರೂ ಸೇರಿಸ್ಲಾ ಕಾಕೂ?"

"ಕೇಳಿ ಸೇರಸ್ತಾರೇನ ಹುಚ್ಚಿ? ನಾ ಯಾರನ್ನರ ಕೇಳಿದ್ದೆನೇನ?"

ಅವಳು ಮತ್ತೆ ಪುಸ್ತಕದ ಮೇಲೆ ಬಾಗಿದಳು. ಬೆರಳು ಸಾಲಿನ ಮೇಲೆ ಜರುಗುತ್ತಲೇ ಇತ್ತು. ತೆಪ್ಪ ಬಂತು, ಅದರ ತುಂಬ ಮೆಣಸಿನಕಾಯಿ ಮೂಟೆ. ರಾಕ್ಷಸ ಒಂದು ಕಾಲಿಟ್ಟು ಸೀನಿದ, ತೆಪ್ಪ ಬಂದ ದಡಕ್ಕೇ ವಾಪಸು ಹೋಯಿತು, ಅಂಬಿಗ ಅಲ್ಲಿಂದಲೇ ಅವನ ವಂಶವನ್ನೆಲ್ಲ ಬೈದ. ಕಾಕೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಗಳು ನಿಲ್ಲಿಸದೆ ಮುಂದುವರಿದಳು, ಅಂಬಿಗನ ಬೈಗುಳವೂ ಸೇರಿ ಅಷ್ಟೂ ಕನ್ನಡದಲ್ಲೇ. ಯಾವುದು ಬರೆದವರದು, ಯಾವುದು ಅವಳದು ಎಂದು ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ಸ್ವಲ್ಪ ಬಗ್ಗಿದ್ದರೆ ಪುಟ ಕಾಣುತ್ತಿತ್ತು. ಬಗ್ಗಲಿಲ್ಲ.