ಮಂಡೆಬಿಸಿಗೆ ಮಲಯಾಳದ ಶಬ್ದ

ಕಾಸರಗೋಡು ಪೇಟೆಯ ಒಂದು ಜವುಳಿ ಅಂಗಡಿಯಲ್ಲಿ ನಾನು ಸೀರೆ ಮಾರುತ್ತಿದ್ದೆ. ಮಾರುವುದು ಎಂದರೆ ಬಿಡಿಸುವುದು, ಹರಡುವುದು, ಗಿರಾಕಿ ಎದ್ದು ಹೋದ ಮೇಲೆ ಅದನ್ನೇ ಮತ್ತೆ ಮಡಚುವುದು. ಮಲಯಾಳ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಬರುತ್ತದೆ ಎನ್ನುತ್ತಿದ್ದೆ. ಬಣ್ಣ, ಅಂಚು, ಸೆರಗು, ಬೆಲೆ, ಅಷ್ಟಕ್ಕೆ ಸಾಲುವಷ್ಟು ಬರುತ್ತಿತ್ತು. ಕುಂಬ್ಡಾಜೆಯ ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಅದಕ್ಕಿಂತ ಹೆಚ್ಚು ಯಾಕೆ ಎಂಬ ಕೊಬ್ಬೂ ಸ್ವಲ್ಪ ಇತ್ತು.

ಪಕ್ಕದ ಕೌಂಟರಿನಲ್ಲಿ ನನ್ನ ಗೆಳತಿ, ಮೊಗ್ರಾಲಿನವಳು. ತುಳು, ಕನ್ನಡ, ಮಲಯಾಳ ಮೂರೂ ಅವಳಿಗೆ ನೀರು ಕುಡಿದಷ್ಟು ಸಲೀಸು. ನನ್ನ ಬುತ್ತಿಯ ಉಪ್ಪಿನಕಾಯಿ ಅವಳಿಗೆ, ಅವಳ ಬುತ್ತಿಯ ಮೀನು ನನಗೆ. ನನ್ನ ಮಲಯಾಳ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಅವಳು ಶುರು ಮಾಡುತ್ತಿದ್ದಳು.

ದಿನವಿಡೀ ನಿಲ್ಲುವವರಿಗೆ ಕೂರಲು ಅವಕಾಶ ಕೊಡಬೇಕೆಂದು ಕಾನೂನು ಬಂದ ಮೇಲೆ ನಮ್ಮ ಹಿಂದೆಯೂ ಸ್ಟೂಲುಗಳು ಬಂದವು. ಆದರೆ ಕೂತವಳ ಕಡೆಗೆ ಮ್ಯಾನೇಜರು ಒಮ್ಮೆ ನೋಡಿದರೆ ಸಾಕು, ಸ್ಟೂಲಿಗೆ ಮುಳ್ಳು ಹುಟ್ಟುತ್ತಿತ್ತು. ಗೆಳತಿಗೆ ದೊಡ್ಡ ಕಷ್ಟ ಅದೇ, ಕಾಲು ಬಾತು ಬರುತ್ತಿತ್ತು. ನನ್ನದು ಕಾಲಿನದಲ್ಲ, ಬಸ್ಸಿನದು. ಅವಳ ಊರಿಗೆ ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಬಸ್ಸು. ನಮ್ಮ ಗುಡ್ಡದ ಕಡೆಗೆ ಹಾಗೆಲ್ಲಿ? ಕೊನೆಯ ಗಿರಾಕಿ ಇನ್ನೊಂದು ಸೀರೆ ಬಿಡಿಸಿ ಎಂದರೆ ನನ್ನ ಬಸ್ಸು ಹೋಯಿತೆಂದೇ ಲೆಕ್ಕ. ಒಂದೇ ಅಂಗಡಿ, ಒಂದೇ ಸಂಬಳ, ಆದರೂ ಅವಳ ಚಿಂತೆ, ನಮ್ಮ ಮಾತಿನ ಮಂಡೆಬಿಸಿ, ಬೇರೆ, ನನ್ನದು ಬೇರೆ.

ಆಗ ಮದುವೆ ಸೀರೆ ವಿಭಾಗಕ್ಕೆ ಮೇಲ್ವಿಚಾರಕಿ ಬೇಕಾಯಿತು. ಕುರ್ಚಿ, ಮೇಜು, ಸಂಜೆ ಬೇಗ ಬಿಡುವು. ನಮ್ಮಿಬ್ಬರಲ್ಲಿ ಒಬ್ಬಳಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಅವಳಿಗಿಂತ ಮೊದಲು ಸೇರಿದವಳು. ನನಗೆ ಸಿಕ್ಕರೆ ಬೆಳಕಿರುವಾಗಲೇ ಮನೆ ಮುಟ್ಟಬಹುದಿತ್ತು.

ಅದೇ ಹೊತ್ತಿಗೆ ಕೆಲಸಗಾರರ ಒತ್ತಡ ತಿಳಿಯಲೆಂದು ಮಾಲಕರು ತೆಂಕಣ ಕೇರಳದಿಂದ ಒಬ್ಬರು ಮೇಡಂ ಅವರನ್ನು ಕರೆಸಿದರು. ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ಮಾತಾಡಿಸುವುದು. ಅವರಿಗೆ ಕನ್ನಡ ಬಾರದು, ಮನಸ್ಸಿನದನ್ನು ಮಲಯಾಳದಲ್ಲಿ ಹೇಳಲು ನನಗೆ ಬಾರದು. ನಡುವೆ ಗೆಳತಿ ಕೂತಳು. "ಎಲ್ಲ ಹೇಳು ಮಾರಾಯ್ತಿ, ನಾನುಂಟಲ್ಲ" ಎಂದಳು.

ಹೇಳಿದೆ. ಮಡಿಕೆ ಒಂದಿಷ್ಟು ಓರೆಯಾದರೆ ಮ್ಯಾನೇಜರು ಗಿರಾಕಿಗಳ ಎದುರೇ ಹೆಸರು ಕೂಗಿ ಬೈಯುತ್ತಾರೆ ಎಂದೆ. ಸಂಜೆಯಾದರೆ ಕಣ್ಣು ಸೀರೆಯ ಮೇಲಿರುವುದಿಲ್ಲ, ಗಡಿಯಾರದ ಮೇಲಿರುತ್ತದೆ ಎಂದೆ. "ಅದರದ್ದೇ ಮಂಡೆಬಿಸಿ ನನಗೆ" ಎಂದು ಮುಗಿಸಿದೆ. ಅಷ್ಟುದ್ದದ ಮಾತನ್ನು ಗೆಳತಿ ಚಿಕ್ಕದು ಮಾಡಿ ಹೇಳಿದಳು: "ಅವಳ್ಕ್ ತಲಯ್ಕ್ ಸುಖಮಿಲ್ಲ."

ತಲೆ, ಸುಖವಿಲ್ಲ. ಸರಿಯೇ ಇದೆಯಲ್ಲ ಎನಿಸಿತು. ಮೇಡಂ ನನ್ನ ಮುಖ ನೋಡಿದರು. ನಾನು ಹೌದು ಹೌದೆಂದು ತಲೆಯಾಡಿಸಿದೆ.

ಮರುದಿನ ಮ್ಯಾನೇಜರು ಎಂದೂ ಇಲ್ಲದ ಮೃದು ದನಿಯಲ್ಲಿ ಕರೆದರು. ಮದ್ದು ತೆಗೆದುಕೊಳ್ಳುತ್ತಿದ್ದೀರಾ ಎಂದು ಮಲಯಾಳದಲ್ಲಿ ಕೇಳಿದರು. ಯಾವ ಮದ್ದು ಎಂದರೆ ಕಿವಿಯ ಹತ್ತಿರ ಬೆರಳು ಸುತ್ತಿಸಿ ತೋರಿಸಿದರು. ಆಗ ತಿಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ತನ್ನಷ್ಟಕ್ಕೆ ಕೂಗಾಡುವವನಿಗೆ ಜನ ಏನು ಹೇಳುತ್ತಾರೋ ಅದನ್ನೇ ನನಗೆ ಹೇಳಿದ್ದು. ಅಂದಿನಿಂದ ನನ್ನ ಕೆಲಸ ಹಿಂದಿನ ದಾಸ್ತಾನು ಕೋಣೆಯಲ್ಲಿ. ಅಲ್ಲಿ ಕುರ್ಚಿ ಇತ್ತು, ಎಷ್ಟು ಕೂತರೂ ಯಾರೂ ನೋಡುತ್ತಿರಲಿಲ್ಲ. ಸಂಜೆ ಮಾತ್ರ ಬೇಗ ಬಿಡುತ್ತಿರಲಿಲ್ಲ. ಮದುವೆ ಸೀರೆಯ ಮೇಜು ಗೆಳತಿಗೆ ಹೋಯಿತು.

"ಹಾಗೆ ಯಾಕೆ ಹೇಳಿದಿ?" ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. "ಬೇಕಂತ ಹೇಳಿದ್ದಾ? ನಮ್ಮ ಮಂಡೆಬಿಸಿಗೆ ಮಲಯಾಳದಲ್ಲಿ ಶಬ್ದ ಎಲ್ಲಿ ಉಂಟು ಮಾರಾಯ್ತಿ? ಬಾಯಿಗೆ ಬಂದದ್ದು ಹೇಳಿದೆ." ಅವಳ ಕಣ್ಣಲ್ಲಿ ನೀರೂ ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನನ್ನದು ಒಂದು ಶಬ್ದಕ್ಕೆ ಹೋಗಿತ್ತು. ಆದರೂ ನಾನು ನಂಬಿದೆ. ಅವಳನ್ನೂ ನಂಬದಿದ್ದರೆ ಆ ಅಂಗಡಿಯಲ್ಲಿ ನನಗೆ ಬೇರೆ ಯಾರಿದ್ದರು?

ಮಳೆಗಾಲ ಕಳೆದ ಮೇಲೆ ಶಿರಿಯದ ಕಡೆಯ ಹೆಂಗಸೊಬ್ಬಳು ನನ್ನ ಹಳೆಯ ಕೌಂಟರಿಗೆ ಸೇರಿದಳು. ಒಂದು ದಿನ ಬಿಲ್ಲು ತಪ್ಪಾಗಿ ಅವಳು ಅಳುತ್ತಿದ್ದಳು. ನಾನು ಸೀರೆಯ ಕಟ್ಟು ಹಿಡಿದು ದಾಸ್ತಾನು ಕೋಣೆಯ ಬಾಗಿಲಲ್ಲಿದ್ದೆ. ಕನ್ನಡ ಬಾರದ ಮ್ಯಾನೇಜರು ಏನೆಂದು ಕೇಳಿದರು. "ಮನೆಯಲ್ಲಿ ಮಗುವಿಗೆ ಜ್ವರ, ನನಗೆ ಮಂಡೆಬಿಸಿ" ಎಂದಳು ಅವಳು. ಗೆಳತಿ ಒಂದು ಕ್ಷಣವೂ ತಡೆಯದೆ ಅವರತ್ತ ತಿರುಗಿದಳು.

"ಕೊರಚ್ಚ್ ಟೆನ್ಷನ್, ಸಾರೇ. ಅತ್ರೇ ಉಳ್ಳೂ." ಸ್ವಲ್ಪ ಟೆನ್ಷನ್, ಅಷ್ಟೆ.

ಮ್ಯಾನೇಜರು ತಲೆಯಾಡಿಸಿ ಹೋದರು. ಟೆನ್ಷನ್! ನಮ್ಮೂರ ಅಜ್ಜಿಯರೂ ಆಡುವ ಮಾತು. ಕಟ್ಟನ್ನು ಅವಳ ಮೇಜಿನ ಮೇಲೆ ಕುಕ್ಕಿ ಎಲ್ಲರಿಗೂ ಕೇಳುವಂತೆ ಕೂಗಿದೆ: "ಈ ಶಬ್ದ ಆವತ್ತು ಎಲ್ಲಿ ಹೋಗಿತ್ತು ನಿನಗೆ?"

ಗಿರಾಕಿಗಳು ತಿರುಗಿದರು. ಗೆಳತಿ ಹೊಸಬಳ ಭುಜದ ಮೇಲೆ ಕೈಯಿಟ್ಟು, ಕನ್ನಡದಲ್ಲೇ, ಮೆಲ್ಲಗೆ ಹೇಳಿದಳು.

"ಹೆದರಬೇಡ. ಪಾಪ, ಅವಳಿಗೆ ತಲೆ ಸಮ ಇಲ್ಲ."