ಪಾತೋಳಿ ಪುಟದಿಂದ ಬಳಚಿನ ಪುಟಕ್ಕೆ

ಎರಡು ವರ್ಷದ ಹಿಂದಿನ ಮಾತು. ಆಗಲೂ ಈಗಿನಂತೆ ಕುಮಟಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಭಟ್ಕಳದಿಂದ ಕುಮಟಾದವರೆಗಿನ ಅಂಗಡಿ, ಹೋಮ್‌ಸ್ಟೇ, ಬೋಟಿನವರ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದೆ. ಈ ಕೆಲಸಕ್ಕೆ ಎಸ್‌ಇಒ ಎಂಬ ದೊಡ್ಡ ಹೆಸರಿದೆ. ಯಾರಾದರೂ ಏನನ್ನಾದರೂ ಹುಡುಕಿದಾಗ ನಮ್ಮ ಗಿರಾಕಿಯ ಪುಟ ಮೇಲಿನ ಸಾಲುಗಳಲ್ಲಿ ಸಿಗುವಂತೆ ಮಾಡುವುದು, ಅಷ್ಟೇ. ಬಹುತೇಕ ದಿನ ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಆದರೆ ಗಿರಿಜಕ್ಕನ ಬ್ಲಾಗು ಮಾತ್ರ ನನ್ನ ತಲೆ ತಿಂದುಬಿಟ್ಟಿತು.

ಗಿರಿಜಕ್ಕ ಅಘನಾಶಿನಿ ಊರಿನ ಮೀನುಗಾರರ ಮನೆಯವರು. ವಯಸ್ಸು ಐವತ್ತರ ಆಸುಪಾಸು, ಮಾತು ಖಡಕ್ಕು. ಹೊಳೆಯ ದಡದ ತಮ್ಮ ಮನೆಯಂಗಳದಲ್ಲಿ ಪ್ರವಾಸಿಗರಿಗೆ ಮೀನೂಟ ಹಾಕಲು ಶುರು ಮಾಡಿದ್ದರು. ಜನರಿಗೆ ಗೊತ್ತಾಗಲಿ ಎಂದು ಅಡುಗೆಯ ಬ್ಲಾಗನ್ನೂ ಬರೆಯುತ್ತಿದ್ದರು. ಆದರೂ ಬೇಸಿಗೆ ರಜೆಯಲ್ಲೂ ಅಂಗಳ ಖಾಲಿ. ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ನನ್ನ ಕೋಣೆಗೆ ಬಂದು ಕುಳಿತರು.

“ಚೌತಿ ಕಳದ ಮೇಲೆ ಒಂದ್ ಸೀಸನ್ ನೋಡೂದು ನಾಯ್ಕ್ರೆ. ಆಗ್ಲೂ ಜನ ಬರದೇ ಇದ್ರೆ ಮುಚ್ಚೂದೆಯ. ಮತ್ತೆ ಹೊನ್ನಾವರದ ಶೆಡ್ಡಿಗೆ ಮೀನು ಆರ್ಸೂಕೆ ಹೋಗ್ಬೇಕು. ಇಡೀ ದಿನ ಐಸ್ ನೀರಲ್ಲಿ ಕೈ. ನಂಗೆ ಆ ಕೆಲಸ ಸಾಕಾಗಿ ಹೋಗಿದೆ.”

ಅವರು ಹೋದ ಮೇಲೆ ಬ್ಲಾಗು ತೆರೆದೆ. ಅಬ್ಬ, ಏನು ಬರವಣಿಗೆ! ಅರಿಶಿನ ಎಲೆಯಲ್ಲಿ ಬೇಯಿಸುವ ಸಿಹಿ ಕಡುಬು ಪಾತೋಳಿಯ ಪುಟ ಹುಡುಕಾಟದಲ್ಲಿ ಆಗಲೇ ಮೇಲಿತ್ತು. ನಾಗರಪಂಚಮಿ ಬಂತೆಂದರೆ ಎಲ್ಲೆಲ್ಲಿಯವರೋ ಬಂದು ಓದುತ್ತಿದ್ದರು. ಆದರೆ ಅವರ ಊಟದ ಹೆಗ್ಗಳಿಕೆ ಬಳಚು, ಅಂದರೆ ಹೊಳೆಯ ಚಿಪ್ಪಿನ ಮಾಂಸ. ಇಳಿತದ ಹೊತ್ತಿಗೆ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ಬಳಚು ತಡಕುವುದರಿಂದ ಹಿಡಿದು ಉಪ್ಪಾಗೆ ಕಾಯಿಯ ಹುಳಿ ಹಾಕಿ ಗಟ್ಟಿ ಮಸಾಲೆಯ ಸುಕ್ಕ ಮಾಡುವವರೆಗೆ ಅದ್ಭುತವಾಗಿ ಬರೆದಿದ್ದರು. ಆ ಪುಟ ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಕಾರಣ ಬೇಗನೆ ಗೊತ್ತಾಯಿತು. ಸರ್ಚ್ ಇಂಜಿನ್ನಿನ ಕ್ರಾಲರ್ ಎಂಬ ಪ್ರೋಗ್ರಾಂ ಲಿಂಕಿನಿಂದ ಲಿಂಕಿಗೆ ಹೋಗುತ್ತ ಪುಟಗಳನ್ನು ಓದುತ್ತದೆ. ಒಂದೇ ಬ್ಲಾಗಿನ ಒಂದು ಪುಟ ಇನ್ನೊಂದನ್ನು ತೋರಿಸಿದರೆ ಅದು ಇಂಟರ್ನಲ್ ಲಿಂಕ್. ಹೆಸರು ಮಾಡಿದ ಪುಟ ಯಾವುದನ್ನು ತೋರಿಸುತ್ತದೋ ಅದಕ್ಕೂ ಒಂದಿಷ್ಟು ಮರ್ಯಾದೆ ಸಿಗುತ್ತದೆ. ಯಾವ ಪುಟವೂ ತೋರಿಸದ ಪುಟಕ್ಕೆ ಆರ್ಫನ್ ಪೇಜ್ ಎನ್ನುತ್ತೇವೆ, ಹೇಳುವವರು ಕೇಳುವವರು ಇಲ್ಲದ ಪುಟ. ಗಿರಿಜಕ್ಕನ ಹಬ್ಬದ ಅಡುಗೆಗಳೆಲ್ಲ ಒಂದನ್ನೊಂದು ತೋರಿಸುತ್ತಿದ್ದವು. ಮೀನಿನ ಒಂದು ಪುಟಕ್ಕೂ ಎಲ್ಲಿಂದಲೂ ದಾರಿ ಇರಲಿಲ್ಲ. ಮುಖಪುಟದಲ್ಲಿ ಮೀನಿನ ಹೆಸರೇ ಇಲ್ಲ. ಮರೆತು ಬಿಟ್ಟದ್ದಾದರೆ ಅಲ್ಲೊಂದು ಇಲ್ಲೊಂದಾದರೂ ಇರಬೇಕಿತ್ತು. ಇಷ್ಟು ಶಿಸ್ತಾಗಿ ತಪ್ಪು ಮಾಡಿದವರನ್ನು ನಾನು ಕಂಡಿರಲೇ ಇಲ್ಲ. ಫೋನು ಮಾಡಿದೆ.

“ಪಾತೋಳಿ ಪುಟದಲ್ಲಿ ಬಳಚಿಗೆ ಒಂದು ಲಿಂಕ್ ಹಾಕಿಬಿಡ್ತೇನೆ ಅಕ್ಕ, ಒಂದು ನಿಮಿಷದ ಕೆಲಸ.”

“ಹಾಕೂಕಿಲ್ಲ,” ಎಂದರು ಗಿರಿಜಕ್ಕ. “ಪಾತೋಳಿ ನೈವೇದ್ಯಕ್ಕೆ ಮಾಡೂದು. ಅದಕ್ಕೆ ಮೀನು ತಾಗ್ಸೂದೆ? ನಮ್ಮನೆಲಿ ಹಬ್ಬದ ಪಾತ್ರೆನೇ ಬೇರೆ.”

“ಮುಖಪುಟದಲ್ಲಿ?”

“ಅಲ್ಲಿ ದೇವರ ಫೋಟೊ ಇದ್ಯಲ!”

ನನಗೆ ಸಿಟ್ಟು ನೆತ್ತಿಗೇರಿತು. “ಇದು ಅಡುಗೆಮನೆ ಅಲ್ಲ ಮಾರಾಯ್ರೆ, ವೆಬ್‌ಸೈಟು!”

“ನನ್ನ ಅಡುಗೆ ಇದ್ದಲ್ಲೆಲ್ಲ ನನ್ನ ಅಡುಗೆಮನೆಯೇ,” ಎಂದು ಫೋನಿಟ್ಟರು.

ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಹೇಳದೆ ಕೇಳದೆ ಲಿಂಕ್ ಹಾಕಬಹುದಿತ್ತು, ಕೈ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕುತೂಹಲ ಹತ್ತಿಕೊಂಡಿತು. ತಾಗಿಸದೆ ತೋರಿಸುವುದು ಹೇಗೆ? ಎರಡು ದಿನ ಇದೇ ಯೋಚನೆ. ಮೂರನೆಯ ದಿನ, ಹೇಗೂ ಬಳಚಿನ ರುಚಿಯನ್ನೂ ನೋಡಿದ ಹಾಗಾಯಿತು ಎಂದು ಬೆಳಗಿನ ತಿಂಡಿ ಬಿಟ್ಟು ಅಘನಾಶಿನಿಗೆ ಹೋದೆ.

ಗಿರಿಜಕ್ಕ ಫೋನಿನ ಜಗಳವನ್ನು ಮರೆತವರಂತೆ ಎಲೆ ಹಾಕಿ ಕೂರಿಸಿದರು. ಹರಿವೆ ಪಲ್ಯ ಬಂತು, ಸೌತೆಕಾಯಿ ಹುಳಿ ಬಂತು, ಉಪ್ಪಿನಕಾಯಿ ಬಂತು. ಕಾದೆ. ಮಜ್ಜಿಗೆ ಬಂತು.

“ಬಳಚು ಎಲ್ಲಿ ಅಕ್ಕ?”

“ಇವತ್ತು ಸೋಮವಾರ ಅಲ್ದಾ!” ನನ್ನ ಮುಖ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. “ನಾಳೆ ಬನ್ನಿ. ನಾಳೆ ಹೊಟ್ಟೆ ಬಿರಿಯ ತಿನ್ನಿ, ಯಾರು ಬೇಡ ಹೇಳ್ತ್ರು?”

ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. “ಹಬ್ಬ ಆದ್ರೂ ಹೀಗೆಯಾ? ಮರುದಿನ ಮೀನಾ?”

“ಮತ್ತೆಂತ? ಗಣಪತಿ ಕಳ್ಸಿದ ಮರುದಿನ ಮೀನು ಪೇಟೆಲಿ ಕಾಲಿಡೂಕೆ ಜಾಗ ಇರೂದಿಲ್ಲ.”

ಹಾಗಾದರೆ ಈ ಮನೆಯಲ್ಲಿ ಹಬ್ಬಕ್ಕೂ ಮೀನಿಗೂ ದಾರಿ ಇದ್ದೇ ಇದೆ, ನಡುವೆ ಒಂದು ರಾತ್ರಿ ಇದೆ, ಅಷ್ಟೇ! ಕೈ ತೊಳೆಯುವ ಪುರುಸೊತ್ತೂ ಇಲ್ಲದೆ ಹೇಳಿದೆ: “ನಡುವೆ ಇನ್ನೊಂದು ಪುಟ ಮಾಡುವ. ‘ಹಬ್ಬದ ಮರುದಿನ’ ಅಂತ. ಪಾತೋಳಿಯವರು ಅಲ್ಲಿಗೆ ಬರಲಿ, ಅಲ್ಲಿಂದ ಬಳಚಿಗೆ ಹೋಗಲಿ.”

ಗಿರಿಜಕ್ಕ ಸೌಟು ಕೆಳಗಿಟ್ಟು ಯೋಚಿಸಿದರು. “ಆ ಪುಟದಲ್ಲಿ ಮೀನಿನ ಫೋಟೊ ಹಾಕೂಕಿಲ್ಲ.”

“ಇಲ್ಲ.”

“ಮೊದ್ಲು ಹಬ್ಬದ ಪಾತ್ರೆ ತೊಳ್ದು ಎತ್ತಿಡೂದು ಬರೀಬೇಕು.”

“ಬರೀರಿ.”

“ಆತು ಹಂಗಾರೆ.”

ಅವರು ಬರೆದೇ ಬರೆದರು. ಹುಣಿಸೆಹಣ್ಣಿನಿಂದ ಹಿತ್ತಾಳೆ ಉಜ್ಜುವುದು, ಒಣಗಿಸಿ ಅಟ್ಟಕ್ಕೇರಿಸುವುದು, ಮೀನಿನ ಮಡಕೆ ಇಳಿಸುವುದು, ಬೆಳಗಾಗುವ ಮೊದಲೇ ಪೇಟೆಗೆ ಓಡುವುದು. ಪಾತೋಳಿ ಪುಟದಿಂದ ಈ ಪುಟಕ್ಕೆ, ಇದರ ಕೊನೆಯಿಂದ ಬಳಚಿಗೆ ನಾನು ಲಿಂಕ್ ಕೂರಿಸಿದೆ. ಲಿಂಕ್ ಹೊತ್ತ ಮಾತುಗಳಿಗೆ ಆಂಕರ್ ಟೆಕ್ಸ್ಟ್ ಎನ್ನುತ್ತಾರೆ. ‘ಇಲ್ಲಿ ಒತ್ತಿ’ ಎಂದು ಬರೆದರೆ ಓದುವವರಿಗೂ ತಿಳಿಯದು, ಕ್ರಾಲರಿಗೂ ತಿಳಿಯದು. ಅದಕ್ಕೇ ‘ಅಘನಾಶಿನಿಯ ಬಳಚಿನ ಸುಕ್ಕ’ ಎಂದೇ ಹಾಕಿದೆವು. ಮೀನಿನ ಪುಟಗಳು ಒಂದನ್ನೊಂದು ತೋರಿಸುವಂತಾದವು. ಎಲ್ಲವೂ ಕೊನೆಗೆ ‘ನಮ್ಮ ಮನೆಗೆ ಊಟಕ್ಕೆ ಬರುವ ದಾರಿ’ ಎಂಬ ಪುಟಕ್ಕೆ ಬಂದು ಸೇರುತ್ತಿದ್ದವು.

ಆಮೇಲೆ ಕಾಯುವ ಕೆಲಸ. ಈ ಕಸುಬಿನಲ್ಲಿ ನನ್ನಂಥ ಸಿಡುಕನಿಗೆ ದೊಡ್ಡ ಶಿಕ್ಷೆ ಅದೇ. ವಾರಗಟ್ಟಲೆ ಏನೂ ಕದಲಲಿಲ್ಲ. ನಾಗರಪಂಚಮಿಗೆ ಪಾತೋಳಿ ಪುಟಕ್ಕೆ ಜನ ಮುಗಿಬಿದ್ದರು, ಅವರಲ್ಲಿ ಬಹಳ ಮಂದಿ ಮರುದಿನದ ಪುಟಕ್ಕೂ ಹೋದರು. ಅಲ್ಲೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು! “ನಮ್ಮನೆಲೂ ಥೇಟ್ ಹಿಂಗೇ” ಎಂದು ಹಳದೀಪುರದ ಒಬ್ಬರು ಬರೆದಿದ್ದರು. ಆಮೇಲೆ ಬಳಚಿನ ಪುಟ ಹುಡುಕಾಟದಲ್ಲಿ ಎಲ್ಲೋ ಕೆಳಗೆ ಕಂಡಿತು. ಚೌತಿ ಹೊತ್ತಿಗೆ ಮೊದಲ ಸಾಲುಗಳಿಗೆ ಬಂದಿತ್ತು. ಇದೆಲ್ಲ ಲಿಂಕಿನದೇ ಮಹಿಮೆ ಎಂದು ನಾನು ಆಣೆ ಮಾಡಿ ಹೇಳಲಾರೆ. ಹೊಸ ಬರಹದ ಪಾಲು, ಹಬ್ಬದ ಕಾಲದ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಈ ಕಸುಬಿನಲ್ಲಿ ಯಾರಿಂದಲೂ ಆಗದು.

ಒಂದು ಮಾತ್ರ ಕಲಿತೆ. ಅಲ್ಲಿಯವರೆಗೆ ನಾನು ಲಿಂಕ್ ಹಾಕುತ್ತಿದ್ದುದು ಕ್ರಾಲರಿನ ಮುಖ ನೋಡಿ. ಈಗ ಭಟ್ಕಳದ ಬಟ್ಟೆ ಅಂಗಡಿಯವರಿರಲಿ, ಹೊನ್ನಾವರದ ಬೋಟಿನವರಿರಲಿ, ಮೊದಲು ಕೇಳುವುದು ಇಷ್ಟೇ: ಇದನ್ನು ನೋಡಿದವರು ಆಮೇಲೆ ನಿಮ್ಮನ್ನು ಏನು ಕೇಳುತ್ತಾರೆ? ಅವರು ಹೇಳಿದ ಕಡೆಗೆ ದಾರಿ ಮಾಡುತ್ತೇನೆ.

ಚೌತಿ ಕಳೆದ ಮೊದಲ ಭಾನುವಾರ ಮಧ್ಯಾಹ್ನ ಗಿರಿಜಕ್ಕನ ಫೋನು ಬಂತು.

“ಹೊನ್ನಾವರದ ಶೆಡ್ಡಿನವ್ರು ಈಗಷ್ಟೇ ಫೋನ್ ಮಾಡಿದ್ರು ನಾಯ್ಕ್ರೆ. ನಾಳೆಯಿಂದ ಕೆಲಸಕ್ಕೆ ಬಾ ಹೇಳಿ.”

“ನೀವು ಎಂತ ಹೇಳಿದ್ರಿ?”

“ಎಂತ ಹೇಳೂದು? ಭಟ್ಕಳದಿಂದ ಎರಡು ಗಾಡಿ ಜನ ಬಂದು ಅಂಗಳದಲ್ಲಿ ಕೂತವ್ರೆ. ಪುರುಸೊತ್ತಿಲ್ಲ ಹೇಳಿದೆ. ನೀವೂ ಫೋನ್ ಇಡಿ, ಬಳಚು ತಳ ಹಿಡೀತು!”